ಎರಡು ಕುರ್ಚಿಯ ಮೇಯರ್

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು 1955ರಿಂದ 1976ರವರೆಗೆ ಅಮೆರಿಕದ ಶಿಕಾಗೊ ನಗರದ ಮೇಯರ್ ಆಗಿದ್ದ ರಿಚರ್ಡ್ ಜೆ. ಡೇಲಿಯ ಬಗ್ಗೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇವೆ.

ನಮ್ಮ ಮಹಾನಗರಪಾಲಿಕೆಗಳಲ್ಲಿ ಮೇಯರ್‌ಗೆ ಒಂದು ವರ್ಷ. ಹಾರ ತುರಾಯಿ ಮುಗಿಯುವಷ್ಟರಲ್ಲಿ ಅವಧಿಯೂ ಮುಗಿದಿರುತ್ತದೆ. ಡೇಲಿ 21 ವರ್ಷ ಕೂತದ್ದು ಹೇಗೆ? ಅಲ್ಲಿ ಮಿತಿಯೇ ಇಲ್ಲವೆ? (ಹಾಸನ)

ಶಿಕಾಗೊದಲ್ಲಿ ಮಿತಿ ಇಲ್ಲ. ನಾಲ್ಕು ವರ್ಷಕ್ಕೊಮ್ಮೆ ಜನರೇ ನೇರವಾಗಿ ಮೇಯರ್‌ನನ್ನು ಆರಿಸುತ್ತಾರೆ, ಎಷ್ಟು ಸಲ ಬೇಕಾದರೂ ನಿಲ್ಲಬಹುದು. ಡೇಲಿ 1955, 1959, 1963, 1967, 1971, 1975 ಹೀಗೆ ಆರು ಸಲ ಗೆದ್ದ. 1976ರ ಡಿಸೆಂಬರ್ 20ರಂದು ಹೃದಯಾಘಾತದಿಂದ ತೀರಿಕೊಂಡಾಗಲೂ ಅಧಿಕಾರದಲ್ಲೇ ಇದ್ದ.

ಆದರೆ ಕಾಯಂ ಕುರ್ಚಿ ಸಿಕ್ಕಿದ್ದು ಮೇಯರ್‌ಗಿರಿಯಿಂದಲ್ಲ. ಕಾಗದದ ಮೇಲೆ ಶಿಕಾಗೊ ಮೇಯರ್ ದುರ್ಬಲ. ಅಧಿಕಾರ ಇರುವುದು 50 ವಾರ್ಡ್‌ಗಳಿಂದ ಬರುವ 50 ಸದಸ್ಯರ ಕೌನ್ಸಿಲ್‌ಗೆ. ಡೇಲಿ ಮೇಯರ್ ಆಗುವ ಎರಡು ವರ್ಷ ಮೊದಲೇ, 1953ರಲ್ಲಿ, ಶಿಕಾಗೊವನ್ನು ಒಳಗೊಂಡ ಕುಕ್ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷನಾಗಿದ್ದ. ಮೇಯರ್ ಆದಮೇಲೆ ಆ ಸ್ಥಾನವನ್ನು ಬಿಡಲೇ ಇಲ್ಲ, ಸಾಯುವತನಕ ಎರಡೂ ಅವನ ಕೈಯಲ್ಲಿದ್ದವು. ಕೌನ್ಸಿಲ್‌ನಲ್ಲಿ ವಿರುದ್ಧ ಮತ ಹಾಕಿದ ಸದಸ್ಯನಿಗೆ ಮುಂದಿನ ಸಲ ಟಿಕೆಟ್ ಕೊಡುವವನು ಯಾರು? ಅದೇ ಡೇಲಿ. ಬಜೆಟ್ ತಯಾರಿಸುವ ಕೆಲಸವನ್ನು ಕೌನ್ಸಿಲ್ ಸಮಿತಿಯಿಂದ ಮೇಯರ್ ಕಚೇರಿಗೆ ಎಳೆದುಕೊಂಡದ್ದೂ ಅವನ ಮೊದಲ ಅವಧಿಯಲ್ಲೇ. ಅಲ್ಲಿಂದಾಚೆ ಕೌನ್ಸಿಲ್ ಕೈ ಎತ್ತುವ ಸಭೆಯಾಯಿತು.

ಅವನ ಪಕ್ಷವನ್ನು 'ಮಷೀನ್' ಅನ್ನುತ್ತಾರಲ್ಲ, ಅದು ದಿನನಿತ್ಯ ಹೇಗೆ ನಡೆಯುತ್ತಿತ್ತು? (ಶಿವಮೊಗ್ಗ)

ಕೆಳಗಿನಿಂದ ನೋಡಿದರೆ ಬೇಗ ಅರ್ಥವಾಗುತ್ತದೆ. ಒಂದೊಂದು ವಾರ್ಡನ್ನೂ ಹತ್ತಾರು ಪ್ರಿಸಿಂಕ್ಟ್‌ಗಳಾಗಿ ಒಡೆದಿದ್ದರು. ನಮ್ಮ ಬೂತ್ ಇದ್ದ ಹಾಗೆ, ತಲಾ ಸುಮಾರು 400–500 ಮತದಾರರು. ನಗರದಲ್ಲಿ ಇಂಥವು ಮೂರು ಸಾವಿರಕ್ಕೂ ಹೆಚ್ಚು. ಪ್ರತಿಯೊಂದಕ್ಕೂ ಪಕ್ಷದ ಒಬ್ಬ ಕ್ಯಾಪ್ಟನ್. ಅವನಿಗೆ ಹೊಟ್ಟೆಪಾಡಿಗೆ ನಗರಸಭೆಯಲ್ಲೋ ಕೌಂಟಿಯಲ್ಲೋ ಪಾರ್ಕ್ ಇಲಾಖೆಯಲ್ಲೋ ಒಂದು ನೌಕರಿ. ಕೆಲಸ ಮುಗಿದಮೇಲೆ ಸಂಜೆ ಮನೆ ಮನೆ ಸುತ್ತಬೇಕು: ಯಾರ ಬೀದಿದೀಪ ಕೆಟ್ಟಿದೆ, ಯಾರಿಗೆ ಕಸದ ಡಬ್ಬ ಬೇಕು, ಯಾರ ಮಗನಿಗೆ ಕೆಲಸವಿಲ್ಲ. ಚುನಾವಣೆಗೆ ಮುಂಚೆ ತನ್ನ ಪ್ರಿಸಿಂಕ್ಟ್‌ನಲ್ಲಿ ಎಷ್ಟು ಮತ ಬೀಳುತ್ತದೆಂದು ಪಕ್ಷದ ವಾರ್ಡ್ ಮುಖ್ಯಸ್ಥನಿಗೆ ಲೆಕ್ಕ ಒಪ್ಪಿಸಬೇಕು. ಮತದಾನದ ದಿನ ಮಧ್ಯಾಹ್ನದ ಹೊತ್ತಿಗೆ ಪಟ್ಟಿಯಲ್ಲಿ ಯಾರು ಬಂದಿಲ್ಲವೆಂದು ನೋಡಿ ಅವರ ಮನೆ ಬಾಗಿಲು ತಟ್ಟಬೇಕು. ಹೇಳಿದ ಲೆಕ್ಕಕ್ಕೂ ಬಿದ್ದ ಮತಕ್ಕೂ ತಾಳೆಯಾಗದಿದ್ದರೆ ನೌಕರಿಗೇ ಕುತ್ತು.

ಇಂಥ ನೌಕರಿಗಳು ಸುಮಾರು 35,000ದಿಂದ 40,000 ಇದ್ದವೆಂದು ಅಂದಾಜು. ವಾರ್ಡ್ ಮುಖ್ಯಸ್ಥನ ಶಿಫಾರಸು ಪತ್ರವಿಲ್ಲದೆ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ. ಪರೀಕ್ಷೆ ಬರೆದು ಸೇರುವ ಪದ್ಧತಿ ಕಾನೂನಿನಲ್ಲಿ ಇತ್ತಲ್ಲ ಎಂದು ಕೇಳಬಹುದು. ಇತ್ತು. ಅದರ ಪಕ್ಕದಿಂದ ನುಸುಳಲು ಹಂಗಾಮಿ ನೇಮಕ ಎಂಬ ದಾರಿಯಿತ್ತು. ಹಂಗಾಮಿಯನ್ನೇ ಮತ್ತೆ ಮತ್ತೆ ಮುಂದುವರಿಸುತ್ತಿದ್ದರು. ಇದರಲ್ಲಿ ಡೇಲಿಗೆ ಎರಡು ಲಾಭ: ಪರೀಕ್ಷೆ ಬೇಕಿಲ್ಲ, ತೆಗೆದುಹಾಕಲು ಕಾರಣವೂ ಬೇಕಿಲ್ಲ.

ಕೆಟ್ಟದ್ದೂ ಅಲ್ಲೇ. ಕೆಲಸ ಬಲ್ಲವನಿಗಿಂತ ಮತ ತರುವವನು ಸಂಬಳದ ಪಟ್ಟಿಯಲ್ಲಿ ಮೇಲಿರುತ್ತಿದ್ದ. 1969ರಲ್ಲಿ ಮೈಕಲ್ ಶಾಕ್‌ಮನ್ ಎಂಬ ವಕೀಲ ಫೆಡರಲ್ ಕೋರ್ಟಿಗೆ ಹೋದ. 1972ರ ಒಪ್ಪಂದದ ಆದೇಶದಲ್ಲಿ, ರಾಜಕೀಯ ಕಾರಣಕ್ಕೆ ನೌಕರರನ್ನು ತೆಗೆಯಕೂಡದು ಎಂದಾಯಿತು. ನೇಮಕಕ್ಕೂ ಅದನ್ನು ಚಾಚಿದ್ದು 1983ರಲ್ಲಿ, ಡೇಲಿ ಸತ್ತು ಆರು ವರ್ಷವಾದಮೇಲೆ.

ಅವನು ಮೊದಲು ರಿಪಬ್ಲಿಕನ್ ಆಗಿದ್ದ ಎಂದು ಎಲ್ಲೋ ಓದಿದೆ. ನಿಜವೆ? (ಧಾರವಾಡ)

ಹೆಸರಿಗೆ ಮಾತ್ರ. 1936ರಲ್ಲಿ, ಶಿಕಾಗೊ ಇರುವ ರಾಜ್ಯವಾದ ಇಲಿನಾಯ್‌ನ ವಿಧಾನಸಭೆಯ ರಿಪಬ್ಲಿಕನ್ ಅಭ್ಯರ್ಥಿಯೊಬ್ಬ ಮತದಾನಕ್ಕೆ ಸ್ವಲ್ಪ ಮುಂಚೆ ತೀರಿಕೊಂಡ. ಮತಪತ್ರ ಬದಲಿಸಲು ಸಮಯವಿರಲಿಲ್ಲ. ಡೆಮಾಕ್ರಟರು ತಮ್ಮವನೇ ಆದ ಡೇಲಿಯ ಹೆಸರನ್ನು ಆ ಖಾಲಿ ಜಾಗದಲ್ಲಿ ಕೈಬರಹದಲ್ಲಿ ಬರೆಯಿಸಿ ಗೆಲ್ಲಿಸಿದರು. ಗೆದ್ದವನು ಹೋಗಿ ಡೆಮಾಕ್ರಟರ ಸಾಲಿನಲ್ಲಿ ಕೂತ.

ಉಳಿದ ವಿವರ: ಹುಟ್ಟಿದ್ದು 1902ರ ಮೇ 15, ದನದ ಮಂಡಿಗಳ ಪಕ್ಕದ ಐರಿಷ್ ಕೇರಿ ಬ್ರಿಜ್‌ಪೋರ್ಟ್‌ನಲ್ಲಿ, ಒಬ್ಬನೇ ಮಗ. ಮಂಡಿಯಲ್ಲಿ ದುಡಿಯುತ್ತ, ಆಮೇಲೆ ಸರಕಾರಿ ಕಚೇರಿಯಲ್ಲಿ ಲೆಕ್ಕ ಬರೆಯುತ್ತ, ರಾತ್ರಿ ತರಗತಿಗಳಲ್ಲಿ ಓದಿ 1933ರಲ್ಲಿ ಕಾನೂನು ಪದವಿ ಪಡೆದ. ಮೇಯರ್ ಆದಮೇಲೂ ಅದೇ ಕೇರಿಯ ಸೌತ್ ಲೋ ಅವೆನ್ಯೂದ ಇಟ್ಟಿಗೆಯ ಸಣ್ಣ ಮನೆ ಬಿಡಲಿಲ್ಲ.

1960ರ ಅಧ್ಯಕ್ಷ ಚುನಾವಣೆಯಲ್ಲಿ ಕೆನಡಿಯನ್ನು ಡೇಲಿ ಕಳ್ಳಮತದಿಂದ ಗೆಲ್ಲಿಸಿದನೆ? (ಮಂಗಳೂರು)

ಈ ಮಾತು ಅರ್ಧ ಬೆಂದದ್ದು. ಇಲಿನಾಯ್‌ನಲ್ಲಿ ಕೆನಡಿಯ ಮುನ್ನಡೆ 8,858 ಮತ ಮಾತ್ರ, ಶಿಕಾಗೊ ಒಂದರಲ್ಲೇ ಸುಮಾರು ನಾಲ್ಕೂವರೆ ಲಕ್ಷ. ಅಕ್ರಮ ನಡೆದದ್ದು ಸುಳ್ಳಲ್ಲ. ಆಮೇಲೆ ಕೆಲವು ಚುನಾವಣಾ ಸಿಬ್ಬಂದಿ ಜೈಲಿಗೂ ಹೋದರು. ಆದರೆ ಲೆಕ್ಕ ನೋಡಿ: ಕೆನಡಿಗೆ ಸಿಕ್ಕ ಎಲೆಕ್ಟೊರಲ್ ಮತ (ಒಂದೊಂದು ರಾಜ್ಯಕ್ಕೆ ಇಂತಿಷ್ಟೆಂದು ಇರುವ, ಅಧ್ಯಕ್ಷನನ್ನು ಆರಿಸುವ ಮತ) 303, ಬೇಕಿದ್ದದ್ದು 269. ಇಲಿನಾಯ್‌ನ 27 ಕಳೆದರೂ 276 ಉಳಿಯುತ್ತದೆ. ಡೇಲಿಗೆ ಆ ದಿನ ಅಧ್ಯಕ್ಷ ಪದವಿಗಿಂತ ಹತ್ತಿರದ ಚಿಂತೆಯೂ ಒಂದಿತ್ತು. ನಗರಾಡಳಿತದ ಹುಳುಕು ಕೆದಕುತ್ತಿದ್ದ ರಿಪಬ್ಲಿಕನ್ ಸರಕಾರಿ ವಕೀಲ ಬೆಂಜಮಿನ್ ಆಡಮೌಸ್ಕಿ ಸೋಲಬೇಕಿತ್ತು, ಸೋತ.

1975ರಲ್ಲಿ ನ್ಯೂಯಾರ್ಕ್ ದಿವಾಳಿಯ ಅಂಚಿಗೆ ಬಂತು, ಶಿಕಾಗೊಕ್ಕೆ ಏನೂ ಆಗಲಿಲ್ಲ. ಡೇಲಿಯ ಲೆಕ್ಕ ಅಷ್ಟು ಗಟ್ಟಿಯಿತ್ತೆ? (ಮೈಸೂರು)

ಗಟ್ಟಿಯಿತ್ತು, ಆದರೆ ಹೊರೆಯೂ ಹಗುರ. ನ್ಯೂಯಾರ್ಕ್‌ನ ಬಜೆಟ್ಟಿನೊಳಗೇ ಶಾಲೆ, ಬಡವರ ನೆರವು, ಆಸ್ಪತ್ರೆ, ಕಾಲೇಜು ಎಲ್ಲ ಇದ್ದವು. ಶಿಕಾಗೊದಲ್ಲಿ ಶಾಲೆಗೆ ಬೇರೆ ಮಂಡಳಿ, ಉದ್ಯಾನಗಳಿಗೆ ಬೇರೆ, ಬಸ್ಸು-ರೈಲಿಗೆ ಬೇರೆ, ಒಳಚರಂಡಿಗೆ ಬೇರೆ, ದೊಡ್ಡಾಸ್ಪತ್ರೆ ಕೌಂಟಿಯದು. ಹಲವಕ್ಕೆ ತಮ್ಮದೇ ತೆರಿಗೆ, ತಮ್ಮದೇ ಸಾಲ. ನಗರಸಭೆಯ ಪುಸ್ತಕದಲ್ಲಿ ಉಳಿದದ್ದು ಮುಖ್ಯವಾಗಿ ಪೊಲೀಸ್, ಅಗ್ನಿಶಾಮಕ, ರಸ್ತೆ, ಕಸ, ನೀರು. ಆ ಪುಸ್ತಕ ಅಚ್ಚುಕಟ್ಟಾಗಿ ಕಂಡರೆ ಸಾಲ ಅಗ್ಗಕ್ಕೆ ಸಿಗುತ್ತದೆ. ಬೇರೆ ಮಂಡಳಿಗಳ ಸದಸ್ಯರಲ್ಲಿ ಎಷ್ಟೋ ಜನರನ್ನು ನೇಮಿಸುತ್ತಿದ್ದವನು ಡೇಲಿಯೇ ಆದ್ದರಿಂದ ಹಿಡಿತ ಅವನದು, ಸಾಲ ಅವನದಲ್ಲ!

ಬಿರುಕು ಬಿಟ್ಟದ್ದೂ ಆ ಬದಿಯಲ್ಲೇ. 1979ರ ಕೊನೆಗೆ ಶಾಲಾ ಮಂಡಳಿಗೆ ಸಾಲ ಹುಟ್ಟದೆ ಸಂಬಳ ನಿಂತಿತು. 1980ರಲ್ಲಿ ಅದರ ಹಣಕಾಸಿನ ಮೇಲೆ ಪ್ರತ್ಯೇಕ ಪ್ರಾಧಿಕಾರವನ್ನೇ ಕೂರಿಸಬೇಕಾಯಿತು.

ಓಹೇರ್ ವಿಮಾನ ನಿಲ್ದಾಣ, ಹೆದ್ದಾರಿಗಳು, ಗಗನಚುಂಬಿಗಳು ಅವನ ಕಾಲದವೇ ಅಲ್ಲವೆ? ಹಾಗಿದ್ದೂ ವಸತಿ ವಿಷಯದಲ್ಲಿ ಬೈಗುಳ ಯಾಕೆ? (ಬೆಂಗಳೂರು)

ಕಟ್ಟಿದ್ದು ನಿಜ, ಬೈಗುಳವೂ ನ್ಯಾಯವೇ. ಸ್ಟೇಟ್ ಸ್ಟ್ರೀಟ್ ಉದ್ದಕ್ಕೂ 1962ರಲ್ಲಿ ಮುಗಿದ ರಾಬರ್ಟ್ ಟೇಲರ್ ಹೋಮ್ಸ್ ಒಂದನ್ನೇ ನೋಡಿ: 16 ಮಹಡಿಯ 28 ಕಟ್ಟಡ, ಸುಮಾರು 4,400 ಮನೆ, ಸರಿಸುಮಾರು ಮೂರು ಕಿಲೋಮೀಟರಿನ ಒಂದೇ ಸಾಲು, ಬಹುಪಾಲು ಕಪ್ಪು ಜನರ ಬಡ ಕುಟುಂಬಗಳು. ಇದು ವಾಸ್ತುಶಿಲ್ಪಿಯ ಹುಚ್ಚಲ್ಲ. ಬಿಳಿಯರ ವಾರ್ಡಿನ ಕೌನ್ಸಿಲ್ ಸದಸ್ಯರು ತಮ್ಮಲ್ಲಿ ಸರಕಾರಿ ವಸತಿ ಬೇಡವೆಂದರೆ ಮುಗಿಯಿತು, ಜಾಗ ಸಿಗುವುದು ಕಪ್ಪು ಜನರ ಕೇರಿಯಲ್ಲಿ ಮಾತ್ರ. ಇರುವಷ್ಟು ಜಾಗದಲ್ಲೇ, ಕೇಂದ್ರ ಸರಕಾರ ವಿಧಿಸಿದ ವೆಚ್ಚದ ಮಿತಿಯೊಳಗೆ, ಅಷ್ಟೂ ಮನೆ ಹಿಡಿಸಬೇಕು. ಹಾಗಾಗಿ ಮೇಲಕ್ಕೆ ಹೋದರು. ದೊಡ್ಡ ಕುಟುಂಬಗಳಿಗೆಂದು ಮೂರು, ನಾಲ್ಕು ಕೋಣೆಯ ಮನೆ ಕಟ್ಟಿದ್ದರಿಂದ ದೊಡ್ಡವರಿಗಿಂತ ಮಕ್ಕಳೇ ಜಾಸ್ತಿ. ಲಿಫ್ಟ್‌ಗಳು ಮಕ್ಕಳ ಆಟಿಕೆಯಾಗಿ ಕೆಟ್ಟು ನಿಂತವು. ಹದಿನಾರನೇ ಮಹಡಿಯ ತಾಯಿಗೆ ಕೆಳಗೆ ಆಡುವ ಮಗು ಕಾಣದು, ಕೂಗಿದರೆ ಕೇಳದು. ದುರಸ್ತಿಯ ದುಡ್ಡು ಬಾಡಿಗೆಯಿಂದ ಬರಬೇಕು, ಬಾಡಿಗೆ ಬಡವರಿಂದ. 1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಶಿಕಾಗೊಕ್ಕೆ ಬಂದು ವಸತಿ ತಾರತಮ್ಯದ ವಿರುದ್ಧ ಮೆರವಣಿಗೆ ನಡೆಸಿದಾಗ ಡೇಲಿ ಆಗಸ್ಟ್‌ನಲ್ಲಿ ಒಂದು ಒಪ್ಪಂದಕ್ಕೆ ಬಂದ. ಜಾರಿಗೆ ತರುವ ಹಲ್ಲು ಅದಕ್ಕಿರಲಿಲ್ಲ. ಆ 28 ಕಟ್ಟಡಗಳಲ್ಲಿ ಕೊನೆಯದನ್ನು 2007ರಲ್ಲಿ ಕೆಡವಿದರು.

1968ರ ಗಲಭೆ? (ತುಮಕೂರು)

ಏಪ್ರಿಲ್‌ನಲ್ಲಿ ಕಿಂಗ್ ಹತ್ಯೆಯ ನಂತರದ ದಳ್ಳುರಿಯಲ್ಲಿ, ಬೆಂಕಿ ಹಚ್ಚುವವರನ್ನು ಗುಂಡಿಟ್ಟು ಕೊಲ್ಲಬೇಕೆಂದು ಡೇಲಿ ಬಹಿರಂಗವಾಗಿ ಹೇಳಿದ. ಆಗಸ್ಟ್‌ನಲ್ಲಿ, ಅಧ್ಯಕ್ಷ ಪದವಿಯ ಅಭ್ಯರ್ಥಿಯನ್ನು ಆರಿಸುವ ಡೆಮಾಕ್ರಟಿಕ್ ಅಧಿವೇಶನದ ಹೊರಗೆ ವಿಯೆಟ್ನಾಂ ಯುದ್ಧವಿರೋಧಿ ಯುವಕರ ಮೇಲೆ ಪೊಲೀಸರು ಲಾಠಿ ಬೀಸಿದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ತನಿಖಾ ವರದಿ ಅದನ್ನು ಪೊಲೀಸರದೇ ದೊಂಬಿ ಎಂದಿತು. 1972ರ ಅಧಿವೇಶನದಲ್ಲಿ ಡೇಲಿಯ ಪ್ರತಿನಿಧಿಗಳನ್ನು ಅವನ ಪಕ್ಷವೇ ಹೊರಗಿಟ್ಟಿತು. ಊರಿನಲ್ಲಿ ಮಾತ್ರ 1971ರಲ್ಲೂ 1975ರಲ್ಲೂ ಆರಾಮವಾಗಿ ಗೆದ್ದ.

ಐರಿಷ್ ಜನರ ಹಬ್ಬವಾದ ಸೇಂಟ್ ಪ್ಯಾಟ್ರಿಕ್ ದಿನ ಶಿಕಾಗೊ ನದಿಗೆ ಹಸಿರು ಬಣ್ಣ ಹಾಕುವುದು ಅವನ ಯೋಚನೆಯೆ? (ಉಡುಪಿ)

ಪ್ಲಂಬರ್ ಸಂಘದ್ದು. ಕೊಳಚೆ ಎಲ್ಲಿಂದ ಸೋರುತ್ತದೆಂದು ಹುಡುಕಲು ಬಳಸುತ್ತಿದ್ದ ಬಣ್ಣವದು. 1962ರಲ್ಲಿ ಮೊದಲ ಸಲ 100 ಪೌಂಡ್, ಅಂದರೆ ಸುಮಾರು 45 ಕಿಲೋ ಸುರಿದಾಗ ನದಿ ಒಂದು ವಾರ ಹಸಿರಾಗಿಯೇ ಉಳಿಯಿತು.

ಮಗನೂ ಮೇಯರ್ ಆದನಂತೆ. ಅಪ್ಪನ ಹಾಗೆಯೇ ಇದ್ದನೆ? (ಕಲಬುರಗಿ)

ಮಗ ರಿಚರ್ಡ್ ಎಂ. ಡೇಲಿ 1989ರಿಂದ 2011ರವರೆಗೆ, 22 ವರ್ಷ. ಅಪ್ಪನ ದಾಖಲೆ ಮುರಿದ. ಅವನ ಕಾಲಕ್ಕೆ ಕೋರ್ಟ್ ಆದೇಶಗಳಿಂದಾಗಿ ಹಳೆಯ ನೌಕರಿ ವ್ಯಾಪಾರ ಕಷ್ಟವಾಗಿತ್ತು. ಗುತ್ತಿಗೆಗಳು ಆ ಜಾಗಕ್ಕೆ ಬಂದವು. ಇಂದಿಗೂ ಶಿಕಾಗೊದವರು ಅವನನ್ನು ನೆನೆಯುವುದು ಪಾರ್ಕಿಂಗ್ ಮೀಟರ್ ಮುಂದೆ ನಿಂತಾಗ. 2008ರ ಡಿಸೆಂಬರ್‌ನಲ್ಲಿ ನಗರದ ಸುಮಾರು 36,000 ಮೀಟರುಗಳನ್ನು 75 ವರ್ಷಕ್ಕೆ, ಸುಮಾರು 115 ಕೋಟಿ ಡಾಲರಿಗೆ ಖಾಸಗಿ ಕಂಪನಿಗೆ ಕೊಟ್ಟ. ಕೌನ್ಸಿಲ್ ಕೆಲವೇ ದಿನಗಳಲ್ಲಿ ಒಪ್ಪಿಗೆ ಹಾಕಿತು, ವಿರುದ್ಧ ಬಿದ್ದದ್ದು ಐದೇ ಮತ. ನಗರಾಡಳಿತದ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಮರುವರ್ಷ ಲೆಕ್ಕ ಹಾಕಿ, ಸುಮಾರು 97 ಕೋಟಿ ಡಾಲರ್ ಕಡಿಮೆಗೆ ಹೋಗಿದೆ ಎಂದ. ಬಂದ ದುಡ್ಡಿನ ದೊಡ್ಡ ಪಾಲು ಬಜೆಟ್ಟಿನ ತೂತು ಮುಚ್ಚಲು ಕೆಲವೇ ವರ್ಷಗಳಲ್ಲಿ ಖರ್ಚಾಯಿತು. ಈಗ ನಗರಸಭೆ ದುರಸ್ತಿಗೋ ಜಾತ್ರೆಗೋ ರಸ್ತೆ ಮುಚ್ಚಿದರೆ, ಆ ಮೀಟರುಗಳಿಂದ ತಪ್ಪಿದ ಆದಾಯವನ್ನು ಒಪ್ಪಂದದ ಪ್ರಕಾರ ಕಂಪನಿಗೆ ಕಟ್ಟಿಕೊಡಬೇಕು.