ಬಾಲ್ಡರ್ಸ್ ಗೇಟ್ 3ರಲ್ಲಿ ಆರೂ ಜನರನ್ನು ಖುಷಿಯಾಗಿ ಇಟ್ಟುಕೊಳ್ಳೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಮೊದಲ ಸಲ ಆಡುವಾಗ ನನ್ನದೂ ಇದೇ ಗೋಳು. ಈ ವಿಡಿಯೋ ಗೇಮ್ ಮೂವತ್ತೈದು ಗಂಟೆ ಆಡಿದ್ದೀರಿ, ಇನ್ನೂ ಮೊದಲ ಆಕ್ಟ್‌ನಲ್ಲೇ, ಅಂದ್ರೆ ಕಥೆಯ ಮೊದಲ ಭಾಗದಲ್ಲೇ ಇದ್ದೀರಿ. ಕ್ಯಾಂಪ್‌ನಲ್ಲಿ ವಿಲ್, ಗೇಲ್, ಲೇಜೆಲ್, ಆಸ್ಟಾರಿಯನ್, ಶ್ಯಾಡೋಹಾರ್ಟ್, ಕಾರ್ಲಾಕ್ ಅಂತ ಆರು ಜನ ಸಂಗಡಿಗರು ಸೇರಿದ್ದಾರೆ, ಹೊರಗೆ ಹೋಗೋಕೆ ನಿಮ್ಮ ಜೊತೆ ಮೂವರಿಗಷ್ಟೇ ಜಾಗ. ವಿಲ್, ಗೇಲ್ ಇಬ್ಬರಿಗೂ ನೀವು ಅಂದ್ರೆ ಇಷ್ಟ. ಲೇಜೆಲ್, ಆಸ್ಟಾರಿಯನ್ ಮುಖ ಊದಿಸಿಕೊಂಡಿದ್ದಾರೆ. ಹಾಗಾಗಿ ಪ್ರತಿ ಮಾತಿಗೂ ಮುಂಚೆ ಗೈಡ್ ನೋಡುತ್ತೀರಿ, ಉತ್ತರ ಸರಿ ಹೋಗದಿದ್ದರೆ ಹಳೇ ಸೇವ್ ಲೋಡ್ ಮಾಡಿ ಮತ್ತೆ ಆಡುತ್ತೀರಿ. ಗ್ರೋವ್ ಅನ್ನುವ ಕಾಡಿನ ತಾಣದಲ್ಲಿ ಆಶ್ರಯ ಪಡೆದಿರುವ ಕೊಂಬಿನ ಜನ ಟೀಫ್ಲಿಂಗ್‌ಗಳ ಪರ ನಿಲ್ಲಬೇಕೋ, ಅವರ ಶತ್ರುಗಳಾದ ಗಾಬ್ಲಿನ್‌ಗಳ ಪರವೋ ಅಂತ ಇನ್ನೂ ಗೊತ್ತಾಗಿಲ್ಲ. ಇಷ್ಟು ತಾನೆ?

ಆರೂ ಜನರನ್ನು ಒಟ್ಟಿಗೆ ಖುಷಿಪಡಿಸೋಕೆ ಆಗಲ್ಲ. ಅದರ ಅಗತ್ಯವೂ ಇಲ್ಲ. ಲೇಜೆಲ್ ಯುದ್ಧ ಬಿಟ್ಟು ಬೇರೇನೂ ನೋಡದೆ ಬೆಳೆದವಳು, ಆಸ್ಟಾರಿಯನ್ ಇನ್ನೂರು ವರ್ಷ ಗುಲಾಮನಾಗಿದ್ದ ವ್ಯಾಂಪೈರ್, ವಿಲ್ ಊರಿಗೆಲ್ಲ ಒಳ್ಳೆಯವನಾಗಲು ಹೊರಟವನು. ಇವರು ಮೂರೂ ಜನ ತಲೆಯಾಡಿಸುವ ಉತ್ತರ ಸಿಗೋದು ಅಪರೂಪ. ಆದರೆ ಗೇಮ್ ನೀವು ಅಂದುಕೊಂಡಷ್ಟು ಕಟುಕ ಅಲ್ಲ. ಸಾಮಾನ್ಯವಾಗಿ ನಿಮ್ಮ ಕೆಲಸ ನೋಡಿ ಮೆಚ್ಚುವುದು, ಮೂಗು ಮುರಿಯುವುದು ಎಲ್ಲ ಆ ಹೊತ್ತಿಗೆ ಜೊತೆಯಲ್ಲಿ ಇರುವವರು ಮಾತ್ರ. ಕ್ಯಾಂಪ್‌ನಲ್ಲಿ ಕೂತವರ ಕಿವಿಗೆ ಸಣ್ಣಪುಟ್ಟ ಸುದ್ದಿ ಮುಟ್ಟಲ್ಲ. ಹಳ್ಳಿಯನ್ನೇ ಸುಟ್ಟುಹಾಕುವಂಥ ಕೆಲಸ ಮಾಡಿದರೆ ಬೇರೆ ಮಾತು, ಅದು ಎಲ್ಲರಿಗೂ ಗೊತ್ತಾಗುತ್ತದೆ.

ಅಂದ್ರೆ ನಿಮ್ಮ ಕೈಯಲ್ಲಿ ಇರುವ ದೊಡ್ಡ ಅಸ್ತ್ರ ಉತ್ತರಗಳಲ್ಲ, ಯಾರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ ಅನ್ನೋದು.

ನಾನು ಪಾಲಿಸುವ ಲೆಕ್ಕ ಬಹಳ ಸುಲಭ. ಮೂರರಲ್ಲಿ ಒಂದು ಜಾಗ, ಹೋಗುತ್ತಿರುವ ಜಾಗ ಯಾರ ಕಥೆಗೆ ಸೇರಿದ್ದೋ ಅವರಿಗೆ. ಲೇಜೆಲ್‌ಳ ಕುಲದವರಾದ ಗಿತ್‌ಯಾಂಕಿಗಳ ಸುಳಿವು ಸಿಕ್ಕ ಕಡೆಗೆಲ್ಲ ಅವಳು ಬರಲೇಬೇಕು. ಬೆಟ್ಟದ ದಾರಿಯಲ್ಲಿ ಬರುವ ಅವರ ನೆಲೆ ಕ್ರೆಶ್‌ಗೆ ಅವಳಿಲ್ಲದೆ ಹೋಗೋದು, ಮದುಮಗಳನ್ನು ಮನೆಯಲ್ಲೇ ಬಿಟ್ಟು ಮದುವೆಗೆ ಹೋದ ಹಾಗೆ. ಜೌಗು ಪ್ರದೇಶದಲ್ಲಿ ಗ್ಯಾಂಡ್ರೆಲ್ ಅಂತ ಒಬ್ಬ ರಾಕ್ಷಸ ಬೇಟೆಗಾರ ಸಿಗುತ್ತಾನೆ. ಆಗ ಆಸ್ಟಾರಿಯನ್ ಪಕ್ಕದಲ್ಲಿದ್ದರೆ ಆ ಮಾತುಕತೆಯ ರುಚಿಯೇ ಬೇರೆ. ಎರಡನೇ ಆಕ್ಟ್‌ನಲ್ಲಿ ಶಾರ್ ದೇವತೆಯ ಹೆಸರು ಕಂಡ ಕಡೆ ಅವಳ ಭಕ್ತೆ ಶ್ಯಾಡೋಹಾರ್ಟ್‌ಳನ್ನು ಬಿಟ್ಟು ಒಂದು ಹೆಜ್ಜೆಯೂ ಇಡಬೇಡಿ. ಉಳಿದ ಎರಡು ಜಾಗ ನಿಮ್ಮ ಇಷ್ಟ. ನಾನಂತೂ ಆ ಎರಡರಲ್ಲಿ ಒಂದನ್ನು, ನನ್ನ ಮೇಲೆ ಮುನಿಸಿಕೊಂಡವರಿಗೆ ಕೊಡುತ್ತೇನೆ.

ಲೇಜೆಲ್ ವಿಷಯದಲ್ಲಿ ಹೀಗೆ ಮಾಡಿಯೇ ದಾರಿಗೆ ಬಂದೆ. ಗ್ರೋವ್‌ನಲ್ಲಿ ಜೋರ್ರು ಅಂತ ಒಬ್ಬ ಟೀಫ್ಲಿಂಗ್ ಇದ್ದಾನಲ್ಲ, ಅವಳು ಅವನನ್ನು ಬಗ್ಗು ಅಂತ ಗದರಿಸಿ ವಿಚಾರಿಸುವ ದೃಶ್ಯ. ಮೊದಲ ಸಲ ನಾನು ಅಡ್ಡ ಬಂದು ಅವಳನ್ನೇ ಗದರಿದ್ದೆ. ಪರದೆಯ ಮೂಲೆಯಲ್ಲಿ ಅವಳಿಗೆ ಇಷ್ಟವಾಗಲಿಲ್ಲ ಅನ್ನುವ ಸಾಲು ಬಂತು. ಎರಡನೇ ಸಲ ಆಡುವಾಗ ಸುಮ್ನೆ ನಿಂತು ನೋಡಿದೆ. ಅವಳು ಕ್ರೂರಿ ಅನಿಸಲಿಲ್ಲ. ಬೇರೆ ಥರ ಮಾತಾಡೋದು ಅವಳಿಗೆ ಗೊತ್ತೇ ಇಲ್ಲ ಅನಿಸಿತು. ಅವಳಿಗೆ ನೇರ ಮಾತು ಬೇಕು, ಸುತ್ತಿ ಬಳಸಿ ಹೇಳಿದರೆ ಸಿಟ್ಟು. ಆಸ್ಟಾರಿಯನ್‌ಗೆ ಬಿಟ್ಟಿ ಉಪಕಾರ ಕಂಡರಾಗದು. ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಕಂಡಕಂಡವರ ಕಣ್ಣೀರು ಒರೆಸಲು ಹೊರಟರೆ ಇಬ್ಬರೂ ಸೇರಿ ನಿಮಗೆ ಮಂಗಳಾರತಿ ಎತ್ತುತ್ತಾರೆ. ಅಂಥ ದಿನ ವಿಲ್, ಕಾರ್ಲಾಕ್, ಗೇಲ್ ಜೊತೆ ಹೋಗಿ. ಇದು ಮೋಸ ಅಲ್ಲ. ನಿಜ ಜೀವನದಲ್ಲೂ ಎಲ್ಲ ಗೆಳೆಯರನ್ನೂ ಎಲ್ಲ ಕಡೆಗೂ ಕರೆದುಕೊಂಡು ಹೋಗಲ್ಲ ಅಲ್ವಾ?

"ಆದರೆ ಬೀಗ ತೆಗೆಯೋಕೆ ಆಸ್ಟಾರಿಯನ್ ಬೇಕು, ಗಾಯಕ್ಕೆ ಶ್ಯಾಡೋಹಾರ್ಟ್ ಬೇಕು" ಅಂತ ನೀವು ಬರೆದಿದ್ದೀರಿ. ಇದಕ್ಕೆ ವಿದರ್ಸ್ ಇದ್ದಾನೆ, ಕ್ಯಾಂಪ್‌ನಲ್ಲಿ ಒಣಗಿದ ಹೆಣದ ಹಾಗೆ ನಿಂತಿರುತ್ತಾನಲ್ಲ ಅವನೇ. 100 ಚಿನ್ನದ ನಾಣ್ಯ ಕೊಟ್ಟರೆ ಯಾರ ಕ್ಲಾಸ್ (ಅಂದ್ರೆ ಯೋಧ, ಕಳ್ಳ, ಮಾಂತ್ರಿಕ ಅನ್ನುವ ಕಸುಬು) ಬೇಕಾದರೂ ಬದಲಿಸಿ ಕೊಡುತ್ತಾನೆ, ನಿಮ್ಮದೂ ಸೇರಿ. ಸತ್ತವರನ್ನು ಎಬ್ಬಿಸಲು 200. ಕ್ಯಾಂಪ್‌ನಲ್ಲೇ ಕೂತವರಿಗೂ ಅನುಭವದ ಪಾಯಿಂಟ್ ಸಿಗುತ್ತದೆ, ಲೆವೆಲ್‌ನಲ್ಲಿ ಯಾರೂ ಹಿಂದೆ ಬೀಳಲ್ಲ. ಹಾಗಾಗಿ ಕಥೆ ನೋಡಿ ಜನ ಆರಿಸಿ, ಕೆಲಸ ನೋಡಿ ಆರಿಸಬೇಡಿ. ನನ್ನ ಒಂದು ಆಟದಲ್ಲಿ ವಾರ್‌ಲಾಕ್ ಆಗಬೇಕಿದ್ದ ವಿಲ್ ಕೊನೆಯವರೆಗೂ ಹಾಡುಗಾರ ಬಾರ್ಡ್ ಆಗಿದ್ದ. ಕಥೆಯಲ್ಲಿ ಎಲ್ಲರೂ ಅವನನ್ನು ವಾರ್‌ಲಾಕ್ ಅಂತಲೇ ಮಾತಾಡಿಸುತ್ತಿದ್ದರು, ನಕ್ಕು ಸುಮ್ಮನಾದೆ.

ಇನ್ನು ಕ್ಯಾಂಪ್. ಇಲ್ಲಿ ಹೊಸಬರು ಮಾಡುವ ತಪ್ಪು ಒಂದೇ, ಜಿಪುಣತನ. ಲಾಂಗ್ ರೆಸ್ಟ್, ಅಂದ್ರೆ ಕ್ಯಾಂಪ್‌ನಲ್ಲಿ ರಾತ್ರಿಯ ನಿದ್ದೆ, ತೆಗೆದುಕೊಂಡರೆ ಕಥೆಯ ಸಮಯ ಓಡಿಬಿಡುತ್ತದೆ, ಊಟದ ಸಾಮಾನು ಖಾಲಿಯಾಗುತ್ತದೆ ಅನ್ನೋ ಭಯ. ಸಾಧಾರಣ ಕಷ್ಟದ ಮಟ್ಟದಲ್ಲಿ ಒಂದು ರಾತ್ರಿಗೆ 40 ಸಪ್ಲೈ ಸಾಕು. ಪೆಟ್ಟಿಗೆ, ಪೀಪಾಯಿ, ಅಡುಗೆಮನೆ ಅಂತ ಕಂಡದ್ದೆಲ್ಲ ಎತ್ತಿಕೊಳ್ಳುತ್ತಾ ಹೋದರೆ ತಿಂದು ಮುಗಿಯದಷ್ಟು ಸೇರುತ್ತದೆ. ನಿಮ್ಮ ಜನ ಮನಸ್ಸು ಬಿಚ್ಚೋದು ರಾತ್ರಿ ಹೊತ್ತು. ಆ ದೃಶ್ಯಗಳು ಸಾಲಾಗಿ ಕಾಯುತ್ತಾ ಕೂತಿರುತ್ತವೆ, ಹೆಚ್ಚಾಗಿ ರಾತ್ರಿಗೆ ಒಂದರಂತೆ ಬರುತ್ತವೆ. ನೀವು ಮಲಗದೇ ಹೋದರೆ ಕೆಲವು ಬರೋದೇ ಇಲ್ಲ, ಕಥೆ ಮುಂದೆ ಹೋಗಿಬಿಟ್ಟಿರುತ್ತದೆ. ಆಸ್ಟಾರಿಯನ್ ನಿಮ್ಮಿಂದ ದೂರ ದೂರ ಅಂತೀರಲ್ಲ, ಬಹುಶಃ ಅವನ ರಾತ್ರಿ ಇನ್ನೂ ಬಂದೇ ಇಲ್ಲ. ಬಂದಾಗ ಕುತ್ತಿಗೆ ಜೋಪಾನ.

ಮಲಗಿದರೆ ಕೈ ತಪ್ಪುವ ಕೆಲಸಗಳು ಇಲ್ಲ ಅಂತಲ್ಲ. ವಾಕೀನ್ಸ್ ರೆಸ್ಟ್‌ನಲ್ಲಿ ಉರಿಯುವ ಛತ್ರ ಕಂಡ ಮೇಲೆ ಮಲಗಿ ಎದ್ದು ಬಂದರೆ ಒಳಗಿದ್ದವರು ಉಳಿದಿರಲ್ಲ. ಕೆಳಗೆ ಗ್ರಿಮ್‌ಫೋರ್ಜ್‌ನಲ್ಲಿ ಬಂಡೆ ಕುಸಿದು ವಿಷಗಾಳಿಯಲ್ಲಿ ಸಿಕ್ಕಿಕೊಂಡಿರುವ ನೀರ್ ಕೂಡ ಹೆಚ್ಚು ದಿನ ಕಾಯಲ್ಲ. ನೋಡುತ್ತಿರುವಾಗಲೇ ಬೆಂಕಿ ಉರಿಯುತ್ತಿದ್ದರೆ, ಯಾರೋ ಉಸಿರು ಕಟ್ಟಿ ಕೂಗುತ್ತಿದ್ದರೆ ಅದನ್ನು ಮೊದಲು ಮುಗಿಸಿ. ಉಳಿದವು ನಿಮ್ಮನ್ನು ಬಿಟ್ಟು ಎಲ್ಲಿಗೂ ಓಡಲ್ಲ. ಆಕ್ಟ್ ದಾಟುವ ಜಾಗದಲ್ಲಿ ಗೇಮ್ ತಾನೇ ಒಂದು ಎಚ್ಚರಿಕೆ ತೋರಿಸುತ್ತದೆ, ಕೆಲಸ ಬಾಕಿ ಇದ್ದರೆ ಮುಗಿಸಿಕೊಂಡು ಬಾ ಅಂತ. ಅದನ್ನು ಓದದೆ ಒತ್ತಬೇಡಿ.

ಗೇಲ್ ಮಾಯದ ವಸ್ತು ಕೇಳಿದಾಗ ಕೊಡಿ. ಮೂರು ಸಲ ಕೇಳುತ್ತಾನೆ, ಕೊಡಲ್ಲ ಅಂತ ಹಟ ಹಿಡಿದರೆ ಬಿಟ್ಟು ಹೋಗುತ್ತಾನೆ. ನೀವು ಯಾವತ್ತೂ ಹಾಕಿಕೊಳ್ಳದ ಉಂಗುರ, ಬೂಟು ಕೊಟ್ಟರೂ ನಡೆಯುತ್ತದೆ. ಲೇಜೆಲ್ ಮತ್ತು ಶ್ಯಾಡೋಹಾರ್ಟ್ ಜಗಳ ಒಂದು ರಾತ್ರಿ ಕತ್ತಿಗೆ ಹೋಗುತ್ತದೆ. ಆಗ ಮಧ್ಯೆ ಬನ್ನಿ. "ಅವರಿಬ್ಬರ ವಿಷಯ, ನನಗ್ಯಾಕೆ" ಅಂತ ನಿಂತರೆ ಬೆಳಗ್ಗೆ ಒಂದು ಹೆಣ ಬಿದ್ದಿರಬಹುದು. ಪ್ರೇಮ ಪ್ರಕರಣಗಳ ಬಗ್ಗೆ ನಾನು ಏನೂ ಹೇಳಲ್ಲ, ಅದರಲ್ಲಿ ನಾನು ಎಲ್ಲ ಆಟದಲ್ಲೂ ಕೆಟ್ಟಿದ್ದೇನೆ.

ಈಗ ಗ್ರೋವ್ ವಿಷಯ. ಇದು ದೊಡ್ಡದು, ಹಾಗಾಗಿ ಸ್ವಲ್ಪ ಕಥೆ ಒಡೆಯಬೇಕಾಗುತ್ತದೆ. ಗಾಬ್ಲಿನ್‌ಗಳ ಪರ ನಿಂತು ಗ್ರೋವ್ ಮೇಲೆ ದಾಳಿ ಮಾಡಿದರೆ ವಿಲ್ ಮತ್ತು ಕಾರ್ಲಾಕ್ ಇಬ್ಬರೂ ಹೋದರು ಅಂತಲೇ ಲೆಕ್ಕ. ಆ ಟೀಫ್ಲಿಂಗ್‌ಗಳೆಲ್ಲ ಸತ್ತಿರುತ್ತಾರೆ. ಮುಂದಿನ ಎರಡು ಆಕ್ಟ್‌ಗಳಲ್ಲಿ ಅವರಿಂದ ಹುಟ್ಟಬೇಕಾದ ಕ್ವೆಸ್ಟ್‌ಗಳೂ ಅವರ ಜೊತೆಗೇ ಹೋಗುತ್ತವೆ. ಬದಲಿಗೆ ಗಾಬ್ಲಿನ್ ಕ್ಯಾಂಪ್‌ನ ಮೂವರು ನಾಯಕರಲ್ಲಿ ಒಬ್ಬಳಾದ ಮಿಂತಾರಾ ಸಿಗುತ್ತಾಳೆ. ಒಳ್ಳೆ ಪಾತ್ರ, ಇಲ್ಲ ಅನ್ನಲ್ಲ. ಆದರೆ ಅವಳೊಬ್ಬಳಿಗಾಗಿ ಅಷ್ಟು ಕಳೆದುಕೊಳ್ಳಬೇಕಿಲ್ಲ. ಆಮೇಲೆ ಬಂದ ಪ್ಯಾಚ್‌ಗಳಿಂದಾಗಿ, ಗಾಬ್ಲಿನ್ ಕ್ಯಾಂಪ್‌ನಲ್ಲಿ ಅವಳನ್ನು ಕೊಲ್ಲದೆ ಪ್ರಜ್ಞೆ ತಪ್ಪಿಸಿದರೂ ಎರಡನೇ ಆಕ್ಟ್‌ನಲ್ಲಿ ಜೊತೆ ಸೇರಿಸಿಕೊಳ್ಳಬಹುದು. ನಾನ್-ಲೀಥಲ್ (ಕೊಲ್ಲದೆ ಹೊಡೆಯುವ ಆಯ್ಕೆ) ಆನ್ ಮಾಡಿ ಕೈಗೆ ಸಿಗುವ ದೂರದಲ್ಲಿ ಹೊಡೆಯಿರಿ. ಬಾಣ, ಮಂತ್ರದಲ್ಲಿ ಹೊಡೆದರೆ ಸತ್ತೇ ಹೋಗುತ್ತಾಳೆ. ಮೊದಲ ಆಟದಲ್ಲಿ ಗ್ರೋವ್ ಉಳಿಸಿ ಅಂತಲೇ ನನ್ನ ಮಾತು. ಒಳ್ಳೆಯವರಾಗಿ ಅಂತ ಉಪದೇಶ ಮಾಡುತ್ತಿಲ್ಲ, ಆ ದಾರಿಯಲ್ಲಿ ಜನ ಜಾಸ್ತಿ, ಕಥೆ ಜಾಸ್ತಿ, ಅಷ್ಟೇ.

ಲೋಡ್ ಮಾಡೋ ಚಟದ ಬಗ್ಗೆ ಕೇಳಿದಿರಿ. ಸೇವ್‌ಗೆ ಎಫ್5, ಲೋಡ್‌ಗೆ ಎಫ್8 ಒತ್ತಿ ಒತ್ತಿ ಆ ಕೀಗಳ ಅಕ್ಷರ ಅಳಿಸಿಕೊಂಡವನು ನಾನು, ಹಾಗಾಗಿ ಬುದ್ಧಿ ಹೇಳಲ್ಲ. ದಾಳ ಕೈಕೊಟ್ಟಾಗ ಲೋಡ್ ಮಾಡುವ ಮುಂಚೆ ಇನ್‌ಸ್ಪಿರೇಷನ್ ಪಾಯಿಂಟ್ ಖರ್ಚು ಮಾಡಿ ದಾಳವನ್ನು ಮತ್ತೆ ಉರುಳಿಸಿ. ನಾಲ್ಕಕ್ಕಿಂತ ಜಾಸ್ತಿ ಕೂಡಿಡೋಕೆ ಆಗಲ್ಲ, ಇಟ್ಟುಕೊಂಡು ಏನು ಮಾಡುತ್ತೀರಿ? ಶ್ಯಾಡೋಹಾರ್ಟ್ ಜೊತೆಗಿದ್ದರೆ ಗೈಡೆನ್ಸ್ ಮಂತ್ರ ಹಾಕಿಸಿ, ದಾಳದ ಅಂಕಿಗೆ ಒಂದರಿಂದ ನಾಲ್ಕರವರೆಗೆ ಸಿಕ್ಕಷ್ಟು ಸೇರುತ್ತದೆ. ಅಷ್ಟಾದರೂ ಸೋತರೆ ಒಂದು ಸಲ ಹಾಗೇ ಮುಂದೆ ಹೋಗಿ ನೋಡಿ. ಈ ಗೇಮ್‌ನಲ್ಲಿ ಸೋತ ದಾರಿಗೂ ಕಥೆ ಬರೆದಿದ್ದಾರೆ. ಇದು ನನಗೆ ಅರ್ಥವಾಗಿದ್ದು ಒಂದು ಕೆಟ್ಟ ರಾತ್ರಿ.

ಎರಡನೇ ಆಕ್ಟ್‌ನಲ್ಲಿ ಲಾಸ್ಟ್ ಲೈಟ್ ಅಂತ ಒಂದು ಛತ್ರ. ಸುತ್ತ ಶಾಪ ಹತ್ತಿದ ಕತ್ತಲು, ಮಧ್ಯೆ ಬೆಳಕಿನ ಗುಮ್ಮಟ. ಗ್ರೋವ್‌ನಲ್ಲಿ ನಾನು ಉಳಿಸಿದ ಟೀಫ್ಲಿಂಗ್‌ಗಳಲ್ಲಿ ಕೆಲವರು ಅಲ್ಲಿದ್ದರು. ಕತ್ತಲಲ್ಲಿ ಎರಡು ಹೊಡೆದಾಟ ಮುಗಿಸಿ, ಮಂತ್ರವೆಲ್ಲ ಖಾಲಿ ಮಾಡಿಕೊಂಡು ಒಳಗೆ ಬಂದಿದ್ದೆ. ಮಹಡಿ ಮೇಲೆ ಐಸೊಬೆಲ್ ಅನ್ನುವ ಪೂಜಾರಿಣಿ, ಆ ಬೆಳಕು ಅವಳದೇ. ಸುಮ್ನೆ ಮಾತಾಡಿಸಿ ಬರೋಣ, ಆಮೇಲೆ ಮಲಗೋಣ ಅಂದುಕೊಂಡೆ. ಮಾತು ಮುಗಿಯುವಷ್ಟರಲ್ಲಿ ಬೆನ್ನಿಗೆ ರೆಕ್ಕೆ ಮೊಳೆತ ಮಾರ್ಕಸ್ ಅನ್ನುವ ಶತ್ರು ಬಂದು ನಿಂತ, ಅವನ ಹಿಂದೆ ಇನ್ನಷ್ಟು ರೆಕ್ಕೆಯ ಭೂತಗಳು. ನನ್ನ ಶ್ಯಾಡೋಹಾರ್ಟ್ ಹತ್ತಿರ ಗುಣಪಡಿಸುವ ಮಂತ್ರ ಒಂದೂ ಉಳಿದಿರಲಿಲ್ಲ. ಐಸೊಬೆಲ್ ಹಿಂದೆ ನಿಲ್ಲೋ ಜಾತಿ ಅಲ್ಲ, ತಾನೇ ಮುಂದೆ ನುಗ್ಗಿದಳು. ಎರಡನೇ ಸುತ್ತಿನಲ್ಲಿ ಬಿದ್ದಳು. ಅವನು ಎತ್ತಿಕೊಂಡು ಹಾರಿಹೋದ.

ಗುಮ್ಮಟ ಆರಿತು. ಕೆಳಗೆ ಹತ್ತು ನಿಮಿಷದ ಹಿಂದೆ ನನ್ನ ಜೊತೆ ಮಾತಾಡಿದ್ದವರೇ ಶಾಪ ಹತ್ತಿ ಎದ್ದು ನನ್ನ ಮೇಲೆ ಬಿದ್ದರು. ಒಬ್ಬೊಬ್ಬರನ್ನೇ ಕೊಲ್ಲಬೇಕಾಯಿತು. ಕಮ್ಮಾರ ಡ್ಯಾಮನ್ ಕೂಡ ಉಳಿಯಲಿಲ್ಲ.

ಡ್ಯಾಮನ್ ಯಾಕೆ ಮುಖ್ಯ ಅಂದ್ರೆ ಕಾರ್ಲಾಕ್. ಅವಳ ಎದೆಯಲ್ಲಿ ಹೃದಯದ ಜಾಗದಲ್ಲಿ ಒಂದು ನರಕದ ಎಂಜಿನ್ ಉರಿಯುತ್ತಿರುತ್ತದೆ, ಯಾರೂ ಅವಳನ್ನು ಮುಟ್ಟೋಕೆ ಆಗಲ್ಲ. ಗ್ರೋವ್‌ನಲ್ಲಿ ಡ್ಯಾಮನ್ ಒಂದು ಸಲ ರಿಪೇರಿ ಮಾಡುತ್ತಾನೆ. ಎರಡನೆಯದು ಲಾಸ್ಟ್ ಲೈಟ್‌ನಲ್ಲಿ, ಅದಾದ ಮೇಲೆಯೇ ಅವಳನ್ನು ತಬ್ಬಿಕೊಳ್ಳಬಹುದು. ಅದಕ್ಕೆ ಬೇಕಾದ ಇನ್ಫರ್ನಲ್ ಐರನ್ (ನರಕದ ಕಬ್ಬಿಣ) ನನ್ನ ಚೀಲದಲ್ಲೇ ಇತ್ತು. ಅವನು ಕೆಳಗೆ ಲಾಯದ ಹತ್ತಿರವೇ ಇದ್ದ. ನಾನು ಮೊದಲು ಮಹಡಿ ಹತ್ತಿದೆ.

ಹಳೇ ಸೇವ್ ಇತ್ತು. ಲೋಡ್ ಮೆನು ತೆಗೆದು ಅದರ ಮೇಲೆ ಬೆರಳು ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ಒತ್ತಲಿಲ್ಲ. ಆಮೇಲೆ ಐವತ್ತು ಗಂಟೆ ಆ ಕಬ್ಬಿಣದ ತುಂಡನ್ನು ಮಾರದೆ, ಎಸೆಯದೆ ಹೊತ್ತುಕೊಂಡು ತಿರುಗಿದೆ. ಕಾರ್ಲಾಕ್ ನಗುನಗುತ್ತಾ ಮಾತಾಡಿದಾಗಲೆಲ್ಲ ಅದು ಚೀಲದಲ್ಲಿದೆ ಅನ್ನೋದು ನೆನಪಾಗುತ್ತಿತ್ತು. ನನಗೆ ಈ ಗೇಮ್‌ನಲ್ಲಿ ಅತಿ ಜಾಸ್ತಿ ನೆನಪಿರುವ ಆಟ ಅದೇ. 2023ರ ನವೆಂಬರ್ ಕೊನೆಗೆ ಆನರ್ ಮೋಡ್ ಬಂತು, ಅದರಲ್ಲಿ ಒಂದೇ ಸೇವ್. ಆಡೋಕೆ ನನಗೆ ಧೈರ್ಯ ಬಂದಿದ್ದೂ ಆ ರಾತ್ರಿಯಿಂದಲೇ.

ಹಾಗಂತ ನೀವೂ ಅದೇ ತಪ್ಪು ಮಾಡಿ ಅಂತಲ್ಲ. ಈಗ ನೀವು ಮಾಡಬೇಕಾದ್ದು ಇಷ್ಟು. ಇವತ್ತು ಗೈಡ್ ಮುಚ್ಚಿ. ಲೇಜೆಲ್ ಮತ್ತು ಆಸ್ಟಾರಿಯನ್ ಇಬ್ಬರನ್ನೂ ಗಾಬ್ಲಿನ್ ಕ್ಯಾಂಪ್‌ಗೆ ಕರೆದುಕೊಂಡು ಹೋಗಿ, ಅಲ್ಲಿ ಹೊಡೆದಾಟ ಬೇಕಾದಷ್ಟಿದೆ, ಇಬ್ಬರ ಮುನಿಸೂ ಸ್ವಲ್ಪ ಇಳಿಯಬಹುದು. ಮೂವರು ನಾಯಕರನ್ನು ಮುಗಿಸಿ (ಮಿಂತಾರಾ ಬೇಕಿದ್ದರೆ ಅವಳನ್ನು ಪ್ರಜ್ಞೆ ತಪ್ಪಿಸಿ), ಕರಡಿ ರೂಪದಲ್ಲಿ ಬಂಧಿಯಾಗಿರುವ ಗ್ರೋವ್‌ನ ಮುಖ್ಯಸ್ಥ ಹಾಲ್ಸಿನ್‌ನನ್ನು ಬಿಡಿಸಿ, ವಾಪಸ್ ಬಂದು ನಾಲ್ಕೈದು ರಾತ್ರಿ ನೆಮ್ಮದಿಯಾಗಿ ಮಲಗಿ. ದಾರಿಯಲ್ಲಿ ಇನ್ಫರ್ನಲ್ ಐರನ್ ಸಿಕ್ಕರೆ ಮಾರಬೇಡಿ, ಎರಡು ತುಂಡು ಬೇಕು. ಲಾಸ್ಟ್ ಲೈಟ್ ತಲುಪಿದ ದಿನ ಅಲ್ಲಿನ ನಾಯಕಿ ಜಹೀರಾ ಜೊತೆ ಮಾತು ಮುಗಿದ ಕೂಡಲೇ ಲಾಯದ ಕಡೆ ನಡೆಯಿರಿ, ಕಾರ್ಲಾಕ್ ಜೊತೆಯಲ್ಲಿರಲಿ. ಡ್ಯಾಮನ್ ಕೆಲಸ ಮುಗಿಸಲಿ. ಆಮೇಲೆ ಒಂದು ಲಾಂಗ್ ರೆಸ್ಟ್, ಆಮೇಲೆ ಮಹಡಿ.