8051 ಪಿನ್‌ಗೆ ಜೋಡಿಸಿದ ಎಲ್‌ಇಡಿ ಮಿಣುಕುತ್ತದೆ, ಆದರೆ ತೀರಾ ಮಂಕು. ಚಿಪ್ ಕೆಟ್ಟಿದೆಯೇ?

ನೀವು ಕೊಟ್ಟಿರುವ ವಿವರದಂತೆ, 8051 ಕುಟುಂಬದ ಮೈಕ್ರೋಕಂಟ್ರೋಲರ್ (ಪ್ರೋಗ್ರಾಂ ತುಂಬಬಹುದಾದ ಪುಟ್ಟ ಕಂಪ್ಯೂಟರ್ ಚಿಪ್) ಆದ ಎಟಿ89ಎಸ್52ರ ಪಿ1.0 ಪಿನ್‌ನಿಂದ 330 ಓಮ್ ರೆಸಿಸ್ಟರ್, ಅಲ್ಲಿಂದ ಕೆಂಪು ಎಲ್‌ಇಡಿ, ಅಲ್ಲಿಂದ ಗ್ರೌಂಡ್. ಪ್ರೋಗ್ರಾಂ ಅರ್ಧ ಸೆಕೆಂಡಿಗೊಮ್ಮೆ ಪಿನ್ನನ್ನು ಒಂದು, ಸೊನ್ನೆ ಮಾಡುತ್ತಿದೆ, ಎಲ್‌ಇಡಿಯೂ ಅದೇ ಲಯದಲ್ಲಿ ಮಿಣುಕುತ್ತಿದೆ. ಆದರೆ ಕೋಣೆಯ ದೀಪ ಆರಿಸಿದರೆ ಮಾತ್ರ ಕಾಣಿಸುವಷ್ಟು ಮಂಕಾಗಿದೆ. ಅದೇ ಎಲ್‌ಇಡಿಯನ್ನು ಅದೇ ರೆಸಿಸ್ಟರ್ ಸಮೇತ ನೇರವಾಗಿ 5 ವೋಲ್ಟಿಗೆ ಕೊಟ್ಟರೆ ಚೆನ್ನಾಗಿ ಉರಿಯುತ್ತದೆ. ಈಗಾಗಲೇ ಎರಡು ಚಿಪ್ ಬದಲಾಯಿಸಿ ನೋಡಿರುವ ನೀವು ಮೂರನೆಯದನ್ನು ತರಲು ಹೊರಟಿದ್ದೀರಿ. ದಯವಿಟ್ಟು ತರಬೇಡಿ. ಚಿಪ್ ಸುಟ್ಟಿಲ್ಲ, ಪ್ರೋಗ್ರಾಂ ಕೂಡ ಸರಿಯಾಗಿಯೇ ಇದೆ. ಎಲ್‌ಇಡಿಯನ್ನು ಜೋಡಿಸಿರುವ ರೀತಿ ಈ ಚಿಪ್‌ಗೆ ಒಗ್ಗುವುದಿಲ್ಲ, ಅಷ್ಟೇ.

ನನ್ನ ಮಾತನ್ನು ನಂಬುವ ಮೊದಲು ನೀವೇ ಅಳೆದು ನೋಡುವುದು ಒಳ್ಳೆಯದು. ಪಿನ್ ಸದಾ ಒಂದರಲ್ಲಿಯೇ ಇರುವಂತೆ ಪ್ರೋಗ್ರಾಂ ಬದಲಿಸಿ, ಮೀಟರಿನ ಎರಡು ಕಡ್ಡಿಗಳನ್ನು ಎಲ್‌ಇಡಿಗಲ್ಲ, ರೆಸಿಸ್ಟರಿನ ಎರಡು ತುದಿಗಳಿಗೆ ಹಿಡಿಯಿರಿ. ಎಲ್‌ಇಡಿಯ ಎರಡು ಕಾಲುಗಳ ನಡುವಿನ ವೋಲ್ಟೇಜ್ ಮಂಕಾಗಿದ್ದರೂ, ಪ್ರಖರವಾಗಿದ್ದರೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅದು ನಿಮಗೆ ಏನನ್ನೂ ಹೇಳುವುದಿಲ್ಲ. ರೆಸಿಸ್ಟರ್ ಮಾತ್ರ ಸುಳ್ಳು ಹೇಳುವುದಿಲ್ಲ. ಸರಿಯಾಗಿ ಉರಿಯುವ ಕೆಂಪು ಎಲ್‌ಇಡಿಯ ಜೊತೆಗಿನ 330 ಓಮ್ ಮೇಲೆ ಸುಮಾರು 3 ವೋಲ್ಟ್, ಅಂದರೆ 9 ಮಿಲಿಆಂಪಿಯರ್ ಸಿಗಬೇಕು. ನಿಮಗೆ 0.07 ವೋಲ್ಟಿನ ಆಸುಪಾಸು ಕಾಣಿಸಿದರೆ ಆಶ್ಚರ್ಯಪಡಬೇಡಿ. ಅದನ್ನು 330ರಿಂದ ಭಾಗಿಸಿದರೆ ಬರುವುದು ಒಂದು ಮಿಲಿಆಂಪಿಯರ್‌ನ ಐದನೇ ಒಂದು ಭಾಗ.

ಇದಕ್ಕೆ ಕಾರಣ 8051ರ ಪಿನ್‌ಗಳ ಒಳರಚನೆ. ಪೋರ್ಟ್ ಎಂದರೆ ಎಂಟು ಪಿನ್‌ಗಳ ಒಂದು ಗುಂಪು; ನಿಮ್ಮ ಪಿ1.0 ಇರುವುದು ಪೋರ್ಟ್ 1ರಲ್ಲಿ. ಪೋರ್ಟ್ 1, 2 ಮತ್ತು 3ರ ಪಿನ್‌ಗಳಿಗೆ ಸೊನ್ನೆ ಬರೆದಾಗ ಒಳಗಿನ ಟ್ರಾನ್ಸಿಸ್ಟರ್ ಪಿನ್ನನ್ನು ಗಟ್ಟಿಯಾಗಿ ಗ್ರೌಂಡಿಗೆ ಎಳೆಯುತ್ತದೆ. ಒಂದು ಬರೆದಾಗ ಮಾತ್ರ, ಕ್ಷಣಮಾತ್ರದ ಒಂದು ತಳ್ಳುವಿಕೆಯ ನಂತರ, ಬಹಳ ದುರ್ಬಲವಾದ ಪುಲ್‌ಅಪ್ (ಪಿನ್ನನ್ನು 5 ವೋಲ್ಟಿನ ಕಡೆಗೆ ಎಳೆಯುವ ಒಳಗಿನ ಜೋಡಣೆ) ಒಂದೇ ಅದನ್ನು ಮೇಲೆ ಹಿಡಿದಿರುತ್ತದೆ. ಪಿನ್‌ನಲ್ಲಿ ಕನಿಷ್ಠ 2.4 ವೋಲ್ಟ್ ಉಳಿಯುತ್ತದೆ ಎಂದು ಡೇಟಾಶೀಟ್, ಅಂದರೆ ಚಿಪ್ ತಯಾರಕರ ವಿವರಪತ್ರ, ಖಾತರಿ ಕೊಡುವುದು 60 ಮೈಕ್ರೋಆಂಪಿಯರ್‌ವರೆಗೆ ಮಾತ್ರ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಈ ಪಿನ್ ನಾಲೆಯ ತೂಬೇ ಹೊರತು ಪಂಪ್‌ಸೆಟ್ ಅಲ್ಲ: ಮೇಲಿನ ನೀರನ್ನು ಕೆಳಕ್ಕೆ ಬಿಡಬಲ್ಲದು, ಕೆಳಗಿನದನ್ನು ಎತ್ತಿ ಕೊಡಲಾರದು. ಪೋರ್ಟ್ 0 ಅಂತೂ ಓಪನ್ ಡ್ರೇನ್, ಅಂದರೆ ಕೆಳಕ್ಕೆ ಎಳೆಯುವುದಷ್ಟೇ ಗೊತ್ತು. ಅದರಲ್ಲಿ ಆ ಪುಲ್‌ಅಪ್ ಕೂಡ ಇಲ್ಲದ ಕಾರಣ ನಿಮ್ಮ ಜೋಡಣೆಯಲ್ಲಿ ಎಲ್‌ಇಡಿ ಹೊತ್ತಿಕೊಳ್ಳುವುದೇ ಇಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ಊರವರ ಮುಂದೆ. ಮಂಡ್ಯದ ಹತ್ತಿರ, ವಿ.ಸಿ. ನಾಲೆಯ ಬಯಲಿನಲ್ಲಿರುವ ನಮ್ಮ ಸೋದರಮಾವನ ಕಬ್ಬಿನ ಗದ್ದೆಯ ಪಂಪ್‌ಮನೆಗೆ, ಮೂರು ಫೇಸ್ ಕರೆಂಟ್ ಬಂದಿದೆಯೆಂದು ದೂರದಿಂದಲೇ ತೋರಿಸುವ ಒಂದು ಪೆಟ್ಟಿಗೆಯನ್ನು ಓದುವ ದಿನಗಳಲ್ಲಿ ಮಾಡಿಕೊಟ್ಟಿದ್ದೆ. ಮೈಸೂರಿನ ನನ್ನ ಕೋಣೆಯಲ್ಲಿ ಪರೀಕ್ಷಿಸಿದ್ದೆಲ್ಲ ರಾತ್ರಿ ಹತ್ತರ ಮೇಲೆ. ಆ ಮಬ್ಬು ಬೆಳಕಿನಲ್ಲಿ ಎಲ್‌ಇಡಿ ನನಗೆ ತೃಪ್ತಿಕರವಾಗಿಯೇ ಕಂಡಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಪೆಟ್ಟಿಗೆಯ ಮುಂದೆ ನಿಂತ ಮಾವ, ಅಂಗೈಯನ್ನು ಎಲ್‌ಇಡಿಗೆ ಮರೆ ಹಿಡಿದು, ಒಂದು ಕಣ್ಣು ಮುಚ್ಚಿ ಇಣುಕಿ, "ದೀಪ ಹತ್ತೈತೋ ಇಲ್ವೋ ನೋಡಕ್ಕೆ ಇನ್ನೊಂದು ಬ್ಯಾಟ್ರಿ ಬೇಕು ಕಣ್ಲಾ" ಎಂದರು. ಅಂದು ನಾನೂ ನಿಮ್ಮಂತೆಯೇ ಮೊದಲು ಚಿಪ್ಪನ್ನೇ ಅನುಮಾನಿಸಿದ್ದೆ.

ಪರಿಹಾರ ಎರಡು ನಿಮಿಷದ ಕೆಲಸ. 5 ವೋಲ್ಟಿನಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದದ ಕಾಲು; ಗಿಡ್ಡ ಕಾಲು ಪಿ1.0 ಪಿನ್‌ಗೆ. ಈಗ ಸೊನ್ನೆ ಬರೆದರೆ ಎಲ್‌ಇಡಿ ಉರಿಯುತ್ತದೆ, ಒಂದು ಬರೆದರೆ ಆರುತ್ತದೆ. ಈ ತಿರುವುಮುರುವು ಮೊದಲು ಕಿರಿಕಿರಿ ಎನಿಸಬಹುದು, ಆದರೆ ರೀಸೆಟ್ ಆದಾಗ ಪೋರ್ಟ್‌ಗಳೆಲ್ಲ ಒಂದಕ್ಕೆ ಹೋಗುವುದರಿಂದ, ಕರೆಂಟ್ ಬಂದ ಕೂಡಲೇ ಪಿನ್‌ಗೆ ಜೋಡಿಸಿದ್ದೆಲ್ಲ ಆರಿಯೇ ಇರುತ್ತದೆ. ಮುಂದೆ ಎಲ್‌ಇಡಿಯ ಜಾಗದಲ್ಲಿ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಬಂದಾಗ ಇದರ ಬೆಲೆ ತಿಳಿಯುತ್ತದೆ.

ಒಂದು ಎಚ್ಚರಿಕೆ ಮಾತ್ರ ಇದೆ. ಒಂದು ಪಿನ್ ಗರಿಷ್ಠ 10 ಮಿಲಿಆಂಪಿಯರ್ ಎಳೆಯಬಹುದು, ಆದರೆ ಪೋರ್ಟ್ 1ರ ಎಂಟೂ ಪಿನ್‌ಗಳು ಸೇರಿ 15 ಮೀರುವಂತಿಲ್ಲ. ಹಾಗಾಗಿ 330 ಓಮ್‌ನಲ್ಲಿ ಒಂದು ಎಲ್‌ಇಡಿ ಸರಿ, ಎರಡಕ್ಕೇ ಮಿತಿ ದಾಟುತ್ತದೆ. ಎಂಟನ್ನೂ ಸಾಲಾಗಿ ಓಡಿಸುವ ಆಸೆಯಿದ್ದರೆ ಪ್ರತಿಯೊಂದಕ್ಕೂ 1.5 ಕಿಲೋಓಮ್ ಹಾಕಿ, ತಲಾ 1.7 ಮಿಲಿಆಂಪಿಯರ್ ಆಗುತ್ತದೆ, ಈಗಿನ ಎಲ್‌ಇಡಿಗಳಿಗೆ ಮನೆಯೊಳಗೆ ಅಷ್ಟು ಸಾಕು.

ನಿಮ್ಮ ಸ್ನೇಹಿತರ ಆರ್ಡುಯಿನೋ ಯುನೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿಯೂ ಹೀಗೆಯೇ ಮಂಕಾಗಿತ್ತು ಎಂದಿದ್ದೀರಿ. ರೋಗ ಒಂದೇ ರೀತಿ ಕಂಡರೂ ಮೂಲ ಬೇರೆ. ಅದರ ಎಟಿಮೆಗಾ328ಪಿ ಚಿಪ್ ಎರಡೂ ದಿಕ್ಕಿಗೆ 20 ಮಿಲಿಆಂಪಿಯರ್‌ವರೆಗೆ ನಿಭಾಯಿಸಬಲ್ಲದು; ಆದರೆ ಪಿನ್‌ಮೋಡ್ ಸಾಲಿನಲ್ಲಿ ಅದನ್ನು ಔಟ್‌ಪುಟ್ ಎಂದು ಘೋಷಿಸಲು ಮರೆತರೆ, ಪಿನ್‌ಗೆ ಹೈ ಬರೆದಾಗ ಒಳಗಿನ 20ರಿಂದ 50 ಕಿಲೋಓಮ್‌ನ ಪುಲ್‌ಅಪ್ ಮಾತ್ರ ಸೇರಿಕೊಂಡು ಎಲ್‌ಇಡಿ ಮಿಣಿಮಿಣಿ ಎನ್ನುತ್ತದೆ. ಅಲ್ಲಿ ವೈರ್ ಮುಟ್ಟುವ ಅಗತ್ಯವಿಲ್ಲ, ಆ ಒಂದು ಸಾಲು ಸೇರಿಸಿದರೆ ಸಾಕು.

ಬಿಸಿಲಿನಲ್ಲಿ ಕಾಣಬೇಕಾದ ದೀಪಕ್ಕೆ ಪಿನ್ ಒಂದನ್ನೇ ನೆಚ್ಚಬೇಡಿ. ಬಿಸಿ557 ಟ್ರಾನ್ಸಿಸ್ಟರಿನ ಎಮಿಟರನ್ನು 5 ವೋಲ್ಟಿಗೂ, ಬೇಸನ್ನು 4.7 ಕಿಲೋಓಮ್ ಮೂಲಕ ಪಿನ್‌ಗೂ, ಕಲೆಕ್ಟರಿನಿಂದ 150 ಓಮ್ ಮತ್ತು ಎಲ್‌ಇಡಿಯನ್ನು ಗ್ರೌಂಡಿಗೂ ಜೋಡಿಸಿ. ಪಿನ್ ಎಳೆಯಬೇಕಾದದ್ದು ಒಂದು ಮಿಲಿಆಂಪಿಯರಿಗಿಂತ ಕಡಿಮೆ, ಎಲ್‌ಇಡಿಗೆ ಸಿಗುವುದು 18ರಷ್ಟು. ಮಾವನ ಪಂಪ್‌ಮನೆಗೆ ಕೊನೆಗೆ ಹಾಕಿದ್ದು ಇದನ್ನೇ. ಆ ಕೆಂಪು ದೀಪ ಈಗ ನಾಲೆಯ ಏರಿಯ ಮೇಲಿನಿಂದಲೇ ಕಾಣುತ್ತದೆ.