ಹರಳಯ್ಯನ ಕಥೆ ಹೇಳುವ ತಂದೆ

ಅಂತರ್ಜಾತಿ ಮದುವೆಯ ಕಾರಣಕ್ಕೆ ಸಮಾಲೋಚನೆಗೆಂದು ನನ್ನ ಬಳಿಗೆ ಬರುವ ಕುಟುಂಬಗಳಲ್ಲಿ ಜಾತಿಯನ್ನು ಬಾಯಿಬಿಟ್ಟು ಸಮರ್ಥಿಸುವ ತಂದೆಯರು ಈಗ ಅಪರೂಪ. ಹೆಚ್ಚಿನವರು ಸಮಾನತೆಯ ಮಾತನ್ನೇ ಆಡುತ್ತಾರೆ, ಕೆಲವರು ವೇದಿಕೆಯ ಮೇಲೂ ಆಡುತ್ತಾರೆ. ಮಗಳ ಮದುವೆಯ ಪ್ರಸ್ತಾಪ ಬಂದಾಗ ಮಾತ್ರ "ನನ್ನದೇನೂ ಇಲ್ಲ, ಜನ ಬಿಡಬೇಕಲ್ಲ" ಎನ್ನುತ್ತಾರೆ. ಇದನ್ನು ಬೂಟಾಟಿಕೆಯೆಂದು ತಳ್ಳಿಹಾಕುವುದು ಸುಲಭ. ಹಾಗೆ ತಳ್ಳಿಹಾಕಲು ಬಿಡದ ಪ್ರಕರಣವೊಂದನ್ನು, ಗುರುತು ಸಿಗದಂತೆ ವಿವರ ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ತಂದೆ ಉತ್ತರ ಕರ್ನಾಟಕದ ನಿವೃತ್ತ ಶಿಕ್ಷಕರು, ಲಿಂಗಾಯತರು, ಊರಿನ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಶರಣರ ಕುರಿತು ಮಾತನಾಡುವವರು. ಹಿರಿಯ ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಆಕೆ ಮೆಚ್ಚಿದ ಸಹೋದ್ಯೋಗಿ ದಲಿತ ಕುಟುಂಬದವನು. ಮೊದಲು ಆಕೆಯೊಬ್ಬಳೊಡನೆ ಮಾತನಾಡಿ, ಬೆದರಿಕೆಯಾಗಲಿ ಕೂಡಿಹಾಕುವ ಪ್ರಯತ್ನವಾಗಲಿ ನಡೆದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ತಂದೆಯನ್ನು ಕರೆಸಿದೆ. ಅಂಥ ಸುಳಿವು ಸಿಕ್ಕರೆ ನಾನು ಇಬ್ಬರನ್ನು ಎದುರುಬದುರು ಕೂರಿಸುವುದಿಲ್ಲ. ಆಗ ಬೇಕಾಗುವುದು ಪೊಲೀಸ್ ರಕ್ಷಣೆ.

ಮಗಳು ಸಜ್ಜಾಗಿಯೇ ಬಂದಿದ್ದಳು. ತಂದೆಯ ಭಾಷಣದ ವಿಡಿಯೊ ಒಂದನ್ನು ಫೋನಿನಲ್ಲಿ ಹಚ್ಚಿ ಮೇಜಿನ ಮೇಲಿಟ್ಟಳು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆಯಾದ ಪ್ರಸಂಗವನ್ನು ಅವರು ಅದರಲ್ಲಿ ಗದ್ಗದಿತರಾಗಿ ವಿವರಿಸುತ್ತಿದ್ದರು. "ಊರಿಗೆಲ್ಲಾ ಇದನ್ನ ಹೇಳ್ತೀರಿ, ನನಗ್ಯಾಕ ಇಲ್ಲಪ್ಪಾ?" ಎಂದಳು.

ಅವರು ವಿಡಿಯೊ ಮುಗಿಯುವವರೆಗೂ ನೋಡಿ ನನ್ನತ್ತ ತಿರುಗಿದರು. "ಮದಿವಿ ಆತು ಅಂತ ಎಲ್ಲಾರೂ ಹೇಳ್ತಾರ್ರಿ ಮೇಡಂ. ಆಮ್ಯಾಲ ಆ ಇಬ್ಬರು ಅಪ್ಪಂದಿರಿಗೆ ಏನಾತು, ಅದನ್ನ ಕೇಳ್ರಿ ಇಕಿಗೆ."

ಕಲ್ಯಾಣದ ಅರಸ ಬಿಜ್ಜಳನ ಆಜ್ಞೆಯಂತೆ ಅವರಿಬ್ಬರಿಗೂ ಎಳೆಹೂಟೆಯ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಲ್ಲುವ, ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ಮಗಳು ಮದುವೆಯವರೆಗಷ್ಟೇ ಕೇಳಿಸಿಕೊಂಡಿದ್ದ ಕಥೆಯನ್ನು ತಂದೆ ವರ್ಷಗಟ್ಟಲೆ ಕೊನೆಯವರೆಗೂ ಹೇಳಿಕೊಂಡು ಬಂದಿದ್ದರು. ಈಗ ನಿಮ್ಮನ್ನು ಎಳೆಹೂಟೆ ಕಟ್ಟುವವರು ಯಾರು ಎಂದು ಕೇಳಿದೆ. ಅವರು ಬೆರಳು ಮಡಚುತ್ತ ಎಣಿಸಿದರು: ಅಣ್ಣ, ಅಣ್ಣನ ಮಕ್ಕಳು, ಜಾತ್ರಾ ಕಮಿಟಿಯವರು, ನಾಳೆ ಸತ್ತರೆ ಹೆಗಲು ಕೊಡಬೇಕಾದ ಓಣಿಯ ಮಂದಿ. ಕೊನೆಗೆ, "ಸಣ್ಣಾಕಿಗೆ ಯಾರ್ ಬರ್ತಾರ್ರಿ?" ಕಿರಿಯ ಮಗಳಿಗೆ ಆಗ ಗಂಡು ನೋಡುತ್ತಿದ್ದರು.

ಜಾತಿಯನ್ನು ಇಂದು ಹಿಡಿದು ನಿಲ್ಲಿಸಿರುವುದರಲ್ಲಿ ನಂಬಿಕೆಯ ಪಾಲಿಗಿಂತ ನೆರೆಹೊರೆಯ ಭಯದ ಪಾಲೇ ದೊಡ್ಡದೆಂದು ನಾನು ತಿಳಿದಿದ್ದೇನೆ. ಭಯಪಟ್ಟವನಿಗೆ ಆದರ್ಶವನ್ನು ನೆನಪಿಸಿದರೆ ಅವಮಾನವೊಂದೇ ಹೆಚ್ಚುತ್ತದೆ. ಆದ್ದರಿಂದ ವಾದದಲ್ಲಿ ಗೆಲ್ಲುವ ಪ್ರಯತ್ನವನ್ನು ಬಿಡುವಂತೆ ಮಗಳಿಗೆ ಹೇಳಿದೆ. ಆದರೆ ತಂದೆ ಒಪ್ಪುವವರೆಗೆ ಕಾಯಿ ಎಂದು ಹೇಳಲಿಲ್ಲ, ಯಾರಿಗೂ ಹೇಳುವುದಿಲ್ಲ. ಕಾಯುವ ಹೊತ್ತಿನಲ್ಲೇ ಬೇರೆ ಗಂಡು ಗೊತ್ತುಮಾಡಿ ಅವಸರದಲ್ಲಿ ಶಾಸ್ತ್ರ ಮುಗಿಸಿದ ಮನೆಗಳನ್ನು ಕಂಡಿದ್ದೇನೆ. ವಯಸ್ಕರಿಬ್ಬರು ಒಪ್ಪಿದ ಮದುವೆಗೆ ಕುಟುಂಬದ್ದಾಗಲಿ ಸಮುದಾಯದ್ದಾಗಲಿ ಸಮ್ಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ತಂದೆಯ ಭಯವನ್ನು ಗೌರವಿಸಿದೆನೆಂದರೆ ಅದಕ್ಕೆ ಮಗಳ ಮೇಲೆ ಅಧಿಕಾರ ಕೊಟ್ಟೆನೆಂದು ಅರ್ಥವಲ್ಲ. ಅವರ ಮಾತನ್ನು ಅಷ್ಟು ಹೊತ್ತು ಕೇಳಿದ್ದೇ ತಪ್ಪೆಂದು ಪ್ರಗತಿಪರ ಗೆಳೆಯರೊಬ್ಬರು ಆಕ್ಷೇಪಿಸಿದರು; ಕೇಳದೆ ಹೋಗಿದ್ದರೆ ಅಣ್ಣನ ಹೆಸರು ಹೊರಬೀಳುತ್ತಿರಲಿಲ್ಲ.

ಆಕೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಲು ಬಯಸಿದ್ದಳು. 1955ರ ಹಿಂದೂ ವಿವಾಹ ಕಾಯ್ದೆ ಲಿಂಗಾಯತರನ್ನೂ ಹೆಸರಿಸಿ ಒಳಗೊಂಡಿರುವುದರಿಂದ ಆ ದಾರಿಯೂ ತೆರೆದಿತ್ತು, ಅದರಲ್ಲಿ ವಿಶೇಷ ವಿವಾಹ ಕಾಯ್ದೆಯಲ್ಲಿರುವಂತೆ ಮದುವೆಗೆ ಮೊದಲು 30 ದಿನಗಳ ಸಾರ್ವಜನಿಕ ನೋಟಿಸ್ ಇಲ್ಲ. ಆಕೆ ಮೊದಲನೆಯದನ್ನೇ ಆರಿಸಿದಳು. ಹಾಗಾದರೆ ನೋಟಿಸ್ ಕಚೇರಿಯ ಫಲಕಕ್ಕೆ ಬೀಳುವ ಮೊದಲೇ ತಂದೆಗೆ ದಿನಾಂಕ ತಿಳಿಸು, ಮೂರನೆಯವರ ಬಾಯಿಂದ ಅವರು ಕೇಳುವಂತಾಗಬಾರದು ಎಂದೆ. ತಂದೆಯಲ್ಲಿ ಆಶೀರ್ವಾದ ಕೇಳಲಿಲ್ಲ. ಕೇಳಿದ್ದು ಎರಡೇ: ಅಣ್ಣನಿಗೆ ಸುದ್ದಿಯನ್ನು ತಾವೇ ಹೇಳಬೇಕು, "ನಮ್ಮ ಪಾಲಿಗೆ ನೀ ಸತ್ತಿ" ಎಂಬ ಮಾತನ್ನು ಮಗಳಿಗೆ ಎಂದೂ ಆಡಬಾರದು. ಮೊದಲನೆಯದಕ್ಕೆ ಅವರು ಬಹಳ ಯೋಚಿಸಿದರು, ಎರಡನೆಯದಕ್ಕೆ ಕೂಡಲೇ ಒಪ್ಪಿದರು.

ಅಣ್ಣನಿಗೆ ಅವರೇ ಹೇಳಿದರು. ಅಣ್ಣ ಆ ವರ್ಷ ದೀಪಾವಳಿಗೆ ಮನೆಗೆ ಬರಲಿಲ್ಲ. ಮದುವೆಯ ದಿನ ತಂದೆಯೂ ನೋಂದಣಿ ಕಚೇರಿಗೆ ಹೋಗಲಿಲ್ಲ. ಕಾನೂನಿಗೆ ಬೇಕಾದ ಮೂವರು ಸಾಕ್ಷಿಗಳಲ್ಲಿ ಒಬ್ಬಳಾಗಿ ತಂಗಿ ಸಹಿ ಹಾಕಿದಳು. ಆಕೆಯ ನೆಂಟಸ್ತನ ಇನ್ನೂ ಕೂಡಿಬಂದಿಲ್ಲ, ಅದಕ್ಕೆ ಅಕ್ಕನ ಮದುವೆಯೇ ಕಾರಣವೋ ಅಲ್ಲವೋ ಎಂಬ ವಾದ ಆ ಮನೆಯಲ್ಲಿ ಈಗಲೂ ನಡೆಯುತ್ತದೆ.